ಹಾಲೆಂಡಿನ ಸ್ಟೇಷನ್ನೂ ನಮ್ಮೂರ ಹೊರೆಗಲ್ಲೂ

ತಿಪಟೂರು, ಹೊರಡುವ ವಾರ

ವಿದೇಶಕ್ಕೆ ಹೊರಟವನಿಗೆ ಇರಬೇಕಾದ ಸಂಭ್ರಮ ನನಗಿರಲಿಲ್ಲ ಎಂದರೆ ಸುಳ್ಳಾದೀತು. ಇತ್ತು. ಹೊಸ ಸೂಟು ಹೊಲಿಸಿದ್ದೆ. ಕನ್ನಡಿ ಮುಂದೆ ಅದನ್ನು ಹಾಕಿ ಬಿಚ್ಚಿ, ಮತ್ತೆ ಹಾಕಿ ನೋಡಿಕೊಂಡಿದ್ದೆ. ಆದರೆ ಹೊರಡುವ ವಾರ ಒಬ್ಬ ಹೆಂಗಸು ಕೇಳಿದ ಒಂದು ಮಾತಿಗೆ ಆ ಸಂಭ್ರಮದಲ್ಲಿ ಅರ್ಧ ಸೋರಿಹೋಯಿತು. ಉಳಿದ ಅರ್ಧವನ್ನು ಕಟ್ಟಿಕೊಂಡು ವಿಮಾನ ಹತ್ತಿದೆ.

ನಾನು ಊರುಗಳ ನಕ್ಷೆ ಮಾಡುವ ಒಂದು ಸರ್ಕಾರಿ ಕಚೇರಿಯಲ್ಲಿ ಎಂಜಿನಿಯರು. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಊಟದ ಮಧ್ಯೆ ಎದ್ದು ಬಾಗಿಲು ನೋಡಿ ಬರುವವನು. ಇದಕ್ಕೆ ನನ್ನ ಹೆಂಡತಿ ಗಿರಿಜೆ, ನಿಮ್ಮನ್ನ ಕಟ್ಟಿಹಾಕಿ ಬಡಿಸಬೇಕು ಅನ್ನುತ್ತಾಳೆ. ಆ ವರ್ಷ ನಮ್ಮ ಸ್ಟೇಷನ್ನಿನ ಮುಂದಿನ ಜಾಗವನ್ನು ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಂಬತ್ತರ ಆಚೀಚಿನ ಆ ಕಾಲದಲ್ಲಿ ಅಲ್ಲಿ ಜಟಕಾಗಳು, ಕೊಬ್ಬರಿ ಮೂಟೆಯ ಎತ್ತಿನಗಾಡಿಗಳು, ತುರುವೇಕೆರೆಗೂ ಹುಳಿಯಾರಿಗೂ ಹೋಗುವ ಬಸ್ಸುಗಳು ಎಲ್ಲವೂ ಒಂದೇ ಜಾಗಕ್ಕೆ ಜಗಳಾಡುತ್ತಿದ್ದವು. ನಾನು ದುಂಡನೆಯ ತೋಟ, ಅದರ ಸುತ್ತ ಕಬ್ಬಿಣದ ಬೇಲಿ, ಸಿಮೆಂಟು ಬೆಂಚುಗಳು, ಬಸ್ಸು ತಿರುಗಲು ಅಗಲವಾದ ದಾರಿ ಎಲ್ಲ ಹಾಕಿ ಚೆಂದದ ನಕ್ಷೆ ಬರೆದೆ. ಬಸ್ಸು ತಿರುಗುವ ಕಡೆ ಒಂದೇ ಒಂದು ತೊಡಕಿತ್ತು. ಅದು ಅಲ್ಲಿದ್ದ ಹೊರೆಗಲ್ಲು.

ಹೊರೆಗಲ್ಲು ನೋಡದವರಿಗೆ ಹೇಳುತ್ತೇನೆ. ನೆಟ್ಟ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಹೆಗಲೆತ್ತರ. ತಲೆಹೊರೆ ಹೊತ್ತು ಬಂದವರು ಅದರ ಪಕ್ಕ ನಿಂತು ಕತ್ತು ವಾಲಿಸಿದರೆ ಹೊರೆ ತಾನಾಗಿ ಚಪ್ಪಡಿಗೆ ಜಾರುತ್ತದೆ. ದಣಿವಾರಿಸಿಕೊಂಡು ಮತ್ತೆ ತಲೆ ಒಡ್ಡಿದರೆ ಹೊರೆ ತಲೆಗೇ ಬರುತ್ತದೆ. ಇಳಿಸಲು, ಎತ್ತಲು ಇನ್ನೊಬ್ಬರು ಬೇಕಿಲ್ಲ.

ಹೊರಡುವ ವಾರ ನಾನೂ ನಮ್ಮ ಓವರ್‌ಸಿಯರ್ ಶಿವಲಿಂಗಪ್ಪನೂ ಅಲ್ಲಿ ಟೇಪು ಹಿಡಿದಿದ್ದೆವು. ಶಿವಲಿಂಗಪ್ಪ ನನ್ನ ಜೊತೆ ಹೈಸ್ಕೂಲು ಓದಿದವನು. ಬೆಳಗಿನ ಪ್ಯಾಸೆಂಜರ್ ಬಂದು ನಿಂತಿತು. ಹೊನ್ನವಳ್ಳಿ ಕಡೆಯಿಂದ ದಿನಾ ಬರುವ ರಂಗಮ್ಮ ಎಂಬ ಹೆಂಗಸು, ಹೋಟೆಲುಗಳಿಗೆ ಹಾಕುವ ಬಾಳೆ ಎಲೆಯ ಹೊರೆ ಹೊತ್ತು ಬಂದು, ನಮ್ಮ ಟೇಪನ್ನು ದಾಟಿ, ಕಲ್ಲಿನ ಮೇಲೆ ಹೊರೆ ಜಾರಿಸಿದಳು. ಆಮೇಲೆ, ಇದನ್ನು ಕೀಳುತ್ತೀರಾ ಎಂದು ಕೇಳಿದಳು. ಹೌದು, ಬದಲಿಗೆ ಒಳ್ಳೊಳ್ಳೆಯ ಬೆಂಚು ಬರುತ್ತವೆ ಎಂದೆ.

"ಬೆಂಚಿನ ಮ್ಯಾಲೆ ಹೆಂಗೋ ಇಳಿಸ್ಬೋದು ಕಣ್ರೀ. ಆಮ್ಯಾಲೆ ತಲೆ ಮ್ಯಾಕೆ ಎತ್ಕೊಡೋರು ಯಾರು?" ಅಂದಳು.

ಎಲ್ಲಾ ಸರಿಹೋಗುತ್ತೆ ಎಂದು ದೊಡ್ಡ ಮನುಷ್ಯರ ಧಾಟಿಯಲ್ಲಿ ಹೇಳಿ ಟೇಪು ಸುತ್ತಿಕೊಂಡೆ. ಅವತ್ತೇ ಮಧ್ಯಾಹ್ನ ನಕ್ಷೆಯಲ್ಲಿ ಆ ಕಲ್ಲಿನ ಪುಟ್ಟ ಚೌಕದ ಪಕ್ಕ ಕೆಂಪು ಮಸಿಯಲ್ಲಿ 'ಅಡಚಣೆ, ತೆಗೆಯುವುದು' ಎಂದು ಬರೆದು ಸಹಿ ಹಾಕಿದೆ. ಸ್ಟೇಷನ್ನುಗಳ ಸುತ್ತ ಬೀದಿ ಚೌಕಗಳನ್ನು ಹೇಗೆ ರೂಪಿಸಬೇಕು ಎಂದು ಕಲಿಯಲು ಆರು ವಾರಕ್ಕೆ ಹಾಲೆಂಡಿಗೆ ನನ್ನನ್ನು ಆರಿಸಿದ್ದರು. ನಾನು ಬರುವುದರೊಳಗೆ ಕೆಲಸ ಮುಗಿದಿರಲಿ ಎಂದು ಶಿವಲಿಂಗಪ್ಪನಿಗೆ ನಕ್ಷೆ ಕೊಟ್ಟೆ. ಕಲಿಯಲು ಹೊರಟವನು ಕಲಿಯುವ ಮೊದಲೇ ಕೆಲಸ ಒಪ್ಪಿಸಿ ಹೊರಟಿದ್ದೇನೆ ಎಂಬುದು ಆಗ ತಲೆಗೆ ಹೋಗಲಿಲ್ಲ.

ಬೊಂಬಾಯಿಯಿಂದ ಆಚೆಗೆ

ಬೊಂಬಾಯಿಯಲ್ಲಿ ಸೂಟ್‌ಕೇಸಿನ ಹಿಡಿ ಸಡಿಲವಾಯಿತು. ಗಿರಿಜೆ ಅದರೊಳಗೆ ಚಟ್ನಿಪುಡಿ, ಹುರಿಗಡಲೆ ಪುಡಿ, ಉಪ್ಪಿನಕಾಯಿ, ಕೊಡುಗೆಗೆಂದು ಎಂಟು ಉಂಡೆ ಕೊಬ್ಬರಿ ತುಂಬಿದ್ದಳು. ಕೂಲಿಯವನು ಎಳೆದ ರಭಸಕ್ಕೆ ಹಿಡಿಯ ಒಂದು ಮೊಳೆ ಕಿತ್ತು ಬಂತು. ಅದನ್ನು ಸೆಣಬಿನ ಹುರಿಯಿಂದ ಬಿಗಿದೆ.

ವಿಮಾನದಲ್ಲಿ ಬೆಲ್ಟು ಬಿಚ್ಚಬಹುದು ಎಂದ ತಕ್ಷಣ ಎದ್ದವನು ಹಿಂದಕ್ಕೂ ಮುಂದಕ್ಕೂ ನಡೆಯತೊಡಗಿದೆ. ಪರಿಚಾರಿಕೆ ಮೂರು ಸಲ ಬಂದು, ನಿಮಗೆ ಏನಾದರೂ ಬೇಕೇ ಎಂದು ಕೇಳಿದಳು. ಬೇಕಾದದ್ದು ಅವಳ ಬಳಿ ಇರಲಿಲ್ಲ. ಹೊರೆ ಎತ್ತಿಕೊಡುವವರು ಯಾರು ಎಂಬ ಪ್ರಶ್ನೆ ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಜಟಕಾದವರು ಎತ್ತಿಕೊಡುತ್ತಾರೆ ಬಿಡು ಎಂದುಕೊಂಡೆ. ಜಟಕಾಗಳನ್ನೂ ನಾನೇ ಇನ್ನೂರು ಗಜ ಆಚೆಗೆ ತಳ್ಳಿದ್ದೆ ಎಂಬುದು ನೆನಪಾಯಿತು. ಮತ್ತೆ ಎದ್ದು ನಡೆದೆ.

ಆ ಊರಿನ ಸ್ಟೇಷನ್ನು

ಊರಿನ ಹೆಸರು ಹೇಳಲು ಗಂಟಲಲ್ಲಿ ಕಫ ಕಟ್ಟಿರಬೇಕು. ಆರು ವಾರ ಪ್ರಯತ್ನಪಟ್ಟರೂ ನನ್ನ ಬಾಯಿಗೆ ಬರಲಿಲ್ಲ, ಬರೆದು ನಿಮ್ಮನ್ನೂ ಕಷ್ಟಕ್ಕೆ ಸಿಕ್ಕಿಸುವುದಿಲ್ಲ. ಆಂಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಒಂದು ಗಂಟೆ. ಹೊಗೆಯಿಲ್ಲ, ಕೂಗಿಲ್ಲ, ಜನ ಮಾತಾಡುವುದೂ ಇಲ್ಲ. ನಮ್ಮ ಪ್ಯಾಸೆಂಜರಿನಲ್ಲಿ ಅರಸೀಕೆರೆ ಬರುವಷ್ಟರಲ್ಲಿ ಎದುರು ಕೂತವರ ಮಗಳ ಮದುವೆ ಮಾತು ಎಲ್ಲಿಗೆ ಬಂದಿದೆ ಎಂದು ತಿಳಿದುಹೋಗುತ್ತದೆ. ಇಲ್ಲಿ ಎದುರು ಕೂತವನ ಪತ್ರಿಕೆಯ ಹಿಂಬದಿ ಮಾತ್ರ ಕಂಡಿತು.

ಇಳಿದ ಕೂಡಲೇ ಸೂಟ್‌ಕೇಸಿನ ಹಿಡಿ ಪೂರ್ತಿ ಕೈಗೆ ಬಂತು. ಕೂಲಿಯವರನ್ನು ಹುಡುಕಿದೆ. ಇರಲಿಲ್ಲ. ಎರಡು ಕೈಯಲ್ಲಿ ತಬ್ಬಿಕೊಂಡು ಹತ್ತು ಹೆಜ್ಜೆ ನಡೆದೆ, ಉಸಿರು ಕಟ್ಟಿತು. ಇನ್ನೇನು ಮಾಡುವುದು? ಮಫ್ಲರನ್ನು ಸಿಂಬೆ ಸುತ್ತಿ ತಲೆ ಮೇಲಿಟ್ಟು, ಅದರ ಮೇಲೆ ಸೂಟ್‌ಕೇಸು ಏರಿಸಿದೆ. ಚಿಕ್ಕಂದಿನಲ್ಲಿ ಮಾಯಸಂದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ ತೆಂಗಿನಕಾಯಿ ಹೊತ್ತ ಕತ್ತು ಇದು, ಮರೆತಿರಲಿಲ್ಲ. ಕೋಟು, ಟೈ, ತಲೆ ಮೇಲೆ ಪೆಟ್ಟಿಗೆ. ಜನ ಒಂದು ಸಲ ನೋಡಿ, ನೋಡಿದ್ದು ತಪ್ಪೆಂಬಂತೆ ಮುಖ ತಿರುಗಿಸಿಕೊಂಡರು.

ಹೊರಗೆ ಇಟ್ಟಿಗೆ ಹಾಸಿದ ಅಗಲವಾದ ಚೌಕ, ಸಾಲುಮರ, ಲೆಕ್ಕವಿಲ್ಲದಷ್ಟು ಸೈಕಲ್ಲು. ಕತ್ತು ನೋಯುತ್ತಿತ್ತು. ಅಷ್ಟರಲ್ಲಿ ಒಂದು ಮರದ ಕೆಳಗೆ ನನ್ನ ಹೆಗಲೆತ್ತರದ, ಮೇಲೆ ಚಪ್ಪಟೆಯಾದ ಕಲ್ಲು ಕಂಡಿತು. ನನಗಾದ ಆನಂದ ಹೇಳತೀರದು. ಇವರೂ ನಮ್ಮಂತೆಯೇ ಎಂದು ಮನಸ್ಸು ತುಂಬಿ ಬಂತು. ಹೋಗಿ ಪಕ್ಕ ನಿಂತು ಕತ್ತು ವಾಲಿಸಿದೆ. ಸೂಟ್‌ಕೇಸು ನಯವಾಗಿ ಜಾರಿ ಕೂತಿತು. ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡೆ.

ಸೈಕಲ್ಲಿನಿಂದ ಒಬ್ಬ ಹೆಂಗಸು ಧುಮುಕಿದಂತೆ ಇಳಿದು ನನ್ನತ್ತ ಬಂದರು. ಐವತ್ತು ದಾಟಿದವರು, ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದರು. ಅವರ ಭಾಷೆಯಲ್ಲಿ ಏನೋ ಬಿರುಸಾಗಿ ಅಂದರು. ನಾನು ನಮಸ್ಕಾರ ಮಾಡಿದೆ. ಅವರ ಮುಖ ಕೆಂಪೇರಿತು. ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ತೋಳು ಹಿಡಿದು ಕಲ್ಲಿನ ಆ ಬದಿಗೆ ಕರೆದೊಯ್ದರು. ಅಲ್ಲಿ ಸಾಲಾಗಿ ಹೆಸರು ಕೊರೆದಿತ್ತು. ಬುಡದಲ್ಲಿ ಬಾಡಿದ ಹೂವಿತ್ತು. ಯುದ್ಧದ ಕಾಲದಲ್ಲಿ ಈ ಊರಿನ ಯಹೂದಿ ಮನೆಗಳವರನ್ನು ಇದೇ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಸಾಯಲು ಕಳಿಸಿದ್ದರು. ಇದು ಅವರ ನೆನಪಿನ ಕಲ್ಲು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೂಟ್‌ಕೇಸು ಕೆಳಗಿಳಿಸಹೋದೆ. ಹಿಡಿಯಿಲ್ಲದ್ದರಿಂದ ಅದು ಜಾರಿ ಬಿದ್ದು ಬಾಯಿ ಬಿಟ್ಟಿತು. ಉಂಡೆ ಕೊಬ್ಬರಿಗಳು ಇಟ್ಟಿಗೆಯ ಮೇಲೆ ದಿಕ್ಕಿಗೊಂದರಂತೆ ಉರುಳಿದವು. ಆ ಹೆಂಗಸು ಒಂದು ಮಾತೂ ಆಡದೆ ನಾಲ್ಕನ್ನು ಹುಡುಕಿ ತಂದುಕೊಟ್ಟು ಸೈಕಲ್ಲು ಹತ್ತಿ ಹೋದರು. ನಮ್ಮೂರಲ್ಲಾಗಿದ್ದರೆ ಹತ್ತು ಜನ ಸೇರಿ ಹತ್ತು ಥರ ಬೈದು, ಕೊನೆಗೆ ಕಾಫಿ ಕುಡಿಸುತ್ತಿದ್ದರು. ಬೈಗುಳ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಅದು ನನ್ನೊಳಗೇ ಉಳಿಯಿತು.

ಮೊದಲ ವಾರ, ಪಾಠ

ಪಾಠ ಹೇಳುತ್ತಿದ್ದ ಮೇಷ್ಟ್ರು ಬಿದಿರಿನ ಗಳುವಿನಂಥ ಮನುಷ್ಯ. ಕಿವಿಯ ಮೇಲೆ ಪೆನ್ಸಿಲು, ಕಾಲಿಗೆ ಮರದ ಎಕ್ಕಡ. ಅವರಿಗೆ ಒಂದು ಉಂಡೆ ಕೊಬ್ಬರಿ ಕೊಟ್ಟೆ. ಅವರು ಅದನ್ನು ಮೂಗಿಗೆ ಹಿಡಿದು, ಬಹಳ ಸೊಗಸಾಗಿದೆ ಎಂದು ಹೊಗಳಿ, ಮೇಜಿನ ಮೇಲಿನ ಕಾಗದ ಹಾರದಂತೆ ಇಟ್ಟುಕೊಂಡರು. ತಿನ್ನುವುದು ಎಂದು ಹೇಳಲು ನಾಚಿಕೆಯಾಯಿತು.

ಆ ಜನದ ಲೆಕ್ಕಾಚಾರವೇ ಬೇರೆ. ನಾನಿದ್ದ ಮನೆಯವರು ಕಾಫಿಯ ಜೊತೆ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಡುತ್ತಾರೆ, ಮರುಕ್ಷಣ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು. ನಾನು ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಜೀವ ಹಿಡಿದುಕೊಂಡೆ. ಬೀದಿಗೆ ತೆರೆದ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ, ಒಳಗೆ ಅವರು ಉಣ್ಣುವುದು ಕಾಣುತ್ತದೆ. ಆದರೂ ಯಾರೂ ಒಳಗೆ ನೋಡುವುದಿಲ್ಲ. ನಾನೊಬ್ಬನೇ ನೋಡುತ್ತಿದ್ದೆ.

ಆ ಊರಿನ ಕೆಲವು ಬೀದಿಗಳಲ್ಲಿ ಬಂಡಿಗೆ ಬೇರೆ, ಜನಕ್ಕೆ ಬೇರೆ ಎಂಬ ಗೆರೆಯನ್ನೇ ಅಳಿಸಿಬಿಟ್ಟಿದ್ದರು. ದಾರಿಯ ನಡುವೆಯೇ ಮರ, ಬೆಂಚು. ಕಾರಿನವರು ಅದನ್ನು ಬಳಸಿಕೊಂಡು ನಿಧಾನಕ್ಕೆ ಹೋಗುತ್ತಿದ್ದರು. ಇದನ್ನು ಹೊಸ ಶೋಧ ಎಂದು ಮೇಷ್ಟ್ರು ಹೆಮ್ಮೆಯಿಂದ ತೋರಿಸಿದರು. ನಮ್ಮ ಕಡೆ ಹಸು ಮಲಗಿದ್ದರೆ ಬಸ್ಸೇ ಬಳಸಿಕೊಂಡು ಹೋಗುತ್ತದೆ ಎಂದು ನಾನು ಹೇಳಿದೆ. ಅವರು ಅದನ್ನು ಗಂಭೀರವಾಗಿ ಬರೆದುಕೊಂಡರು.

ಮೂರನೇ ದಿನ ಪಾಠಕ್ಕೆ ಬಂದಿದ್ದ ಒಬ್ಬೊಬ್ಬರೂ ತಮ್ಮ ಊರಿನ ಸ್ಟೇಷನ್ನಿನ ಮುಂದಿನ ಜಾಗವನ್ನು ನೆನಪಿನಿಂದ ಬರೆಯಬೇಕಿತ್ತು. ನನಗೆ ನೆನಪೇಕೆ, ಕೆಂಪು ಬರಹ ಸಮೇತ ನಕಲೇ ಪೆಟ್ಟಿಗೆಯಲ್ಲಿತ್ತು. ಗೋಡೆಗೆ ಅಂಟಿಸಿ ಎದೆಯುಬ್ಬಿಸಿ ನಿಂತೆ. ಮೇಷ್ಟ್ರು ದುಂಡು ತೋಟವನ್ನು ನೋಡಲೇ ಇಲ್ಲ. ಬೆರಳನ್ನು ನೇರವಾಗಿ ಕೆಂಪು ಬರಹದ ಮೇಲಿಟ್ಟು ಇದೇನು ಎಂದರು. ಹೊರೆಗಲ್ಲಿನ ವಿಷಯ ಹೇಳಿದೆ, ರಂಗಮ್ಮ ಕೇಳಿದ್ದನ್ನೂ ಯಾಕೋ ಹೇಳಿಬಿಟ್ಟೆ.

"ಇದು ಅಡಚಣೆ ಎಂದು ಯಾರು ಹೇಳಿದರು?" ಎಂದರು.

ಬಸ್ಸು ತಿರುಗಲು ಅಡಚಣೆ ಎಂದೆ. ಬಸ್ಸು ಹೇಳಿತೇ ಎಂದರು. ಎಲ್ಲರೂ ನಕ್ಕರು. ನನಗೆ ಕೆಟ್ಟ ಸಿಟ್ಟು ಬಂತು. ಅವರ ಮೇಲೆ ಬಂದ ಸಿಟ್ಟು ಎಂದು ಮಧ್ಯಾಹ್ನದವರೆಗೂ ತಿಳಿದಿದ್ದೆ. ಬ್ರೆಡ್ಡು ಅಗಿಯುವಾಗ ಅದು ನನ್ನ ಮೇಲೆಯೇ ಬಂದದ್ದು ಎಂದು ಗೊತ್ತಾಯಿತು. ಎದ್ದು ಅಂಚೆ ಕಚೇರಿಗೆ ಹೋಗಿ ಶಿವಲಿಂಗಪ್ಪನಿಗೆ ತಂತಿ ಕೊಟ್ಟೆ: ಹೊರೆಗಲ್ಲು ಕೀಳಬೇಡ, ನಾನು ಬರುವವರೆಗೆ ತಡೆ.

ಹನ್ನೊಂದನೇ ದಿನ, ಬೆಂಚಿನ ಮೇಲೆ

ತಂತಿಗೆ ಉತ್ತರ ಬರಲಿಲ್ಲ. ದಿನಾ ಬೆಳಿಗ್ಗೆ ಅಂಚೆಯವನಿಗಿಂತ ಮುಂಚೆ ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವನು ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಿದ್ದ.

ಹನ್ನೊಂದನೇ ದಿನದ ಪಾಠ ನನಗೆಂದೇ ಮಾಡಿದ ಶಿಕ್ಷೆಯಂತಿತ್ತು. ಸ್ಟೇಷನ್ನಿನ ಚೌಕದ ಬೆಂಚಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು, ಯಾರು ಎಲ್ಲಿ ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ ಎಂದು ಗುರುತು ಹಾಕುತ್ತ ಹೋಗಬೇಕು. ಏಳುವಂತಿಲ್ಲ. ಮೊದಲ ಗಂಟೆಯಲ್ಲೇ ಮೈಗೆ ಇರುವೆ ಹತ್ತಿದಂತಾಯಿತು. ಅಲ್ಲಿನವರು ರೈಲಿಗೆ ಎರಡು ನಿಮಿಷ ಮುಂಚೆ ಬರುತ್ತಾರೆ, ಗಡಿಯಾರ ನೋಡುತ್ತಾರೆ, ಹೋಗುತ್ತಾರೆ. ಕಳಿಸಿಕೊಡಲು ಯಾರೂ ಬರುವುದಿಲ್ಲ. ನಮ್ಮಲ್ಲಿ ಬೆಂಗಳೂರಿಗೆ ಒಬ್ಬ ಹೊರಟರೆ ಏಳು ಜನ ಬಂದು, ರೈಲು ಹೋದ ಮೇಲೂ ಕಾಲು ಗಂಟೆ ಅಲ್ಲೇ ನಿಂತಿರುತ್ತಾರೆ. ನನ್ನ ನಕ್ಷೆಯಲ್ಲಿ ಆ ಏಳು ಜನ ನಿಲ್ಲುವ ಜಾಗದಲ್ಲಿ ಕಬ್ಬಿಣದ ಬೇಲಿ ಬಂದಿತ್ತು. ಇದನ್ನು ಕಂಡುಕೊಳ್ಳಲು ಸಮುದ್ರ ದಾಟಿ ಬರಬೇಕಾಯಿತು.

ಮಧ್ಯಾಹ್ನ ಅದೇ ಹೆಂಗಸು ಸೈಕಲ್ಲಿನಲ್ಲಿ ಹೂವು ತಂದರು. ಮುಖ ತಪ್ಪಿಸಿಕೊಳ್ಳೋಣವೆಂದರೆ ಏಳುವಂತಿಲ್ಲ. ಹೂವಿಟ್ಟು ಹಿಂತಿರುಗುವಾಗ ನನ್ನನ್ನು ಗುರುತಿಸಿ ಬಂದು ಬೆಂಚಿನ ಆ ತುದಿಗೆ ಕೂತರು. ಹೆಸರು ಯೋಹಾನ್ನ ಎಂದರು. ಅವರ ಇಂಗ್ಲಿಷೂ ನನ್ನದರಂತೆ ತಡವರಿಸುವ ಇಂಗ್ಲಿಷು. ಆ ಹೆಸರುಗಳ ಸಾಲಿನಲ್ಲಿ ಒಬ್ಬಳು ಶಾಲೆಯಲ್ಲಿ ಅವರ ಪಕ್ಕ ಕೂರುತ್ತಿದ್ದ ಗೆಳತಿಯಂತೆ. ಪ್ರತಿ ಶುಕ್ರವಾರ ಬರುತ್ತಾರಂತೆ.

ನಾನು ಕ್ಷಮೆ ಕೇಳಿ, ಯಾಕೆ ಹಾಗಾಯಿತು ಎಂದು ವಿವರಿಸಿದೆ. ಹಾಳೆಯಲ್ಲಿ ಹೊರೆಗಲ್ಲಿನ ಚಿತ್ರ ಬರೆದು ತೋರಿಸಿದೆ. ನಮ್ಮ ಕಡೆಯೂ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವುದುಂಟು, ಆದರೆ ಕೈ ಮುಗಿದು ಸುಮ್ಮನೆ ಹೋಗುವ ಕಲ್ಲಲ್ಲ, ದಾರಿಹೋಕರು ಭಾರ ಇಳಿಸುವ ಕಲ್ಲು, ಅದಕ್ಕೇ ಕೈ ತಾನಾಗಿ ಹೋಯಿತು ಎಂದೆ. ಅವರು ಚಿತ್ರವನ್ನು ಕೈಗೆ ತೆಗೆದುಕೊಂಡರು.

"ನಿಮ್ಮೂರಿನ ಕಲ್ಲು ಯಾರ ನೆನಪಿಗೆ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಹೆಸರು ಬರೆದಿಲ್ಲವೇ ಎಂದರು. ಬರೆದಿದೆ, ಒಂದು ಕಂಬದ ಮೇಲೆ ಅಕ್ಷರಗಳಿವೆ, ಸುಣ್ಣ ಮೆತ್ತಿಕೊಂಡಿದೆ. ನಾನು ಆ ಕಂಬದ ಎತ್ತರ ಅಳೆದಿದ್ದೆ, ದಪ್ಪ ಅಳೆದಿದ್ದೆ, ಟೇಪಿನ ತುದಿಯನ್ನು ಆ ಅಕ್ಷರಗಳ ಮೇಲೆಯೇ ಒತ್ತಿ ಹಿಡಿದಿದ್ದೆ. ಓದಿರಲಿಲ್ಲ. ಇದನ್ನು ಅವರಿಗೆ ಹೇಳುವಾಗ ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಯಿತು. ಅವರು, ಗೊತ್ತಾದ ಮೇಲೆ ನನಗೂ ಹೇಳಿ ಎಂದು ಮಾತ್ರ ಕೇಳಿ ಎದ್ದರು.

ಬೆಂಚಿನಲ್ಲೇ ಕೂತು ಗಿರಿಜೆಗೆ ಕಾಗದ ಬರೆದೆ. ಸ್ಟೇಷನ್ನಿಗೆ ಹೋಗಿ ಆ ಕಂಬದ ಸುಣ್ಣ ಉಜ್ಜಿ ಹೆಸರು ಓದಿ ಬರೆ, ತಡಮಾಡಬೇಡ ಎಂದೆ. ಕ್ಷೇಮ ಸಮಾಚಾರ ಕೇಳುವುದನ್ನು ಮರೆತೆ. ಆಮೇಲೆ ಅದಕ್ಕೆ ಬೈಸಿಕೊಂಡೆ.

ಮೂರನೇ ವಾರ

ಶಿವಲಿಂಗಪ್ಪನ ಕಾಗದ ಬಂತು. ಅವನದು ಅಚ್ಚುಕಟ್ಟು ಕೈಬರಹ.

"ಗಂಗಣ್ಣ, ನಿನ್ನ ತಂತಿ ಬಂತು ಕಣ್ಲಾ. ನಕ್ಷೆ ಮೇಲೆ ನಿನ್ನ ಸಹಿ ಐತೆ, ತಂತಿ ಮೇಲೆ ಇಲ್ಲ. ಸಾಹೇಬರು ಯಾವುದನ್ನ ಒಪ್ತಾರೆ ನೀನೇ ಹೇಳು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಚೇರಿಯ ಪದ್ಧತಿ ಹಾಗೆಯೇ. ಸಹಿಯಾದ ನಕ್ಷೆಯನ್ನು ಬದಲಿಸಬೇಕಾದರೆ ಸಹಿ ಮಾಡಿದವನೇ ಬಂದು, ಅದೇ ಹಾಳೆಯ ಮೇಲೆ ತಿದ್ದಿ, ಪಕ್ಕದಲ್ಲಿ ಮತ್ತೆ ಸಹಿ ಹಾಕಬೇಕು. ಯಾರೋ ಬಾಯಿಮಾತಿನಲ್ಲಿ ನಕ್ಷೆ ತಿದ್ದಬಾರದೆಂದು ಈ ಪದ್ಧತಿಯನ್ನು ಬಿಗಿಮಾಡಿದವನೂ ನಾನೇ. ಆದಷ್ಟು ದಿನ ಬೇರೆ ಕಡೆ ಕೆಲಸ ಮಾಡಿಸುತ್ತೇನೆ, ಆಮೇಲೆ ನನ್ನ ಕೈಲಿಲ್ಲ ಎಂದು ಬರೆದಿದ್ದ.

ಅಲ್ಲಿಂದ ಎರಡು ವಾರ ನಾನು ಆ ದೇಶದಲ್ಲಿ ಇದ್ದೂ ಇರಲಿಲ್ಲ. ಕಾಲುವೆ, ಗಾಳಿಗಿರಣಿ, ವಸ್ತುಸಂಗ್ರಹಾಲಯ ಎಲ್ಲ ತೋರಿಸಿದರು. ಏನು ನೋಡಿದೆನೋ ಗೊತ್ತಿಲ್ಲ. ಒಂದು ದಿನ ತಪ್ಪು ರೈಲು ಹತ್ತಿ ಸಮುದ್ರದಂಡೆಯ ಒಂದು ಊರಿಗೆ ಹೋಗಿ ಇಳಿದೆ. ಅಲ್ಲಿನ ಗಾಳಿಗೆ ಟೋಪಿ ಹಾರಿಹೋಯಿತು. ಅದರ ಹಿಂದೆ ಓಡುವಾಗ, ಈಗ ಕೀಳುತ್ತಿರಬಹುದು, ಈ ಗಳಿಗೆಯಲ್ಲೇ ಹಾರೆ ಹಾಕುತ್ತಿರಬಹುದು ಅನ್ನಿಸಿ ಮರಳಿನ ಮೇಲೆ ನಿಂತುಬಿಟ್ಟೆ. ಟೋಪಿ ಸಮುದ್ರದ ಪಾಲಾಯಿತು.

ಐದನೇ ವಾರ, ಶುಕ್ರವಾರ

ಗಿರಿಜೆಯ ಕಾಗದ ಬಂತು. ಅಂಚೆಯವನು ಈ ಸಲ ದೂರದಿಂದಲೇ ನಗುತ್ತ ಬಂದ.

ತೆಂಗಿನ ನಾರು, ಒಂದು ಚೊಂಬು ನೀರು ತೆಗೆದುಕೊಂಡು ಗಿರಿಜೆ ಸ್ಟೇಷನ್ನಿಗೆ ಹೋದಳಂತೆ. ಹೋಗುವಷ್ಟರಲ್ಲಿ ಕಲ್ಲು ಕಿತ್ತಾಗಿತ್ತು, ಎರಡು ದಿನ ತಡವಾಗಿತ್ತು. ಚಪ್ಪಡಿಯನ್ನು ಚರಂಡಿಯ ಮೇಲೆ ಹಾಸಿದ್ದರು. ಕಂಬಗಳು ಗೋಡೆಯ ಪಕ್ಕ ಬಿದ್ದಿದ್ದವು. ಅವಳು ಅಲ್ಲೇ ಕೂತು ಸುಣ್ಣ ಉಜ್ಜಿ ಓದಿದಳಂತೆ. 'ಬೈರಮ್ಮನ ಜ್ಞಾಪಕಾರ್ಥ, ತಾಯಿ ಮಾಡಿಸಿದ ಸೇವೆ' ಎಂದಿತ್ತು. ಬೈರಮ್ಮ ತುಂಬಿದ ಬಸುರಿ, ಸಂತೆಗೆ ಹೊರೆ ಹೊತ್ತು ಬರುವಾಗ ದಾರಿಯಲ್ಲಿ ಇಳಿಸಿಕೊಳ್ಳುವವರು ಯಾರೂ ಸಿಗದೆ, ನಿತ್ರಾಣವಾಗಿ ಬಿದ್ದು ಸತ್ತವಳು ಎಂದು ಒಬ್ಬ ಜಟಕಾ ಮುದುಕ ಹೇಳಿದನಂತೆ. ಇನ್ನೊಬ್ಬರ ಮಗಳಿಗೆ ಹಾಗಾಗದಿರಲಿ ಎಂದು ಅವಳ ತಾಯಿ ಕಲ್ಲು ನಿಲ್ಲಿಸಿದ್ದಳು. ಕೊನೆಯಲ್ಲಿ ಗಿರಿಜೆ, ನೀವು ಮಾಡಿದ್ದು ಸರಿಯಲ್ಲ ಎಂದು ಬರೆದಿದ್ದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನ ಕೆಲಸದ ಬಗ್ಗೆ ಹೇಳಿದ ಮೊದಲ ಮಾತು ಅದು.

ಶುಕ್ರವಾರವಾದ್ದರಿಂದ ಸ್ಟೇಷನ್ನಿಗೆ ಹೋದೆ. ಯೋಹಾನ್ನ ಬಂದರು. ಕಾಗದ ತೋರಿಸಿ ಅರ್ಥ ಹೇಳಿದೆ. ಅವರು ಬೈರಮ್ಮ ಎಂಬ ಹೆಸರನ್ನು ಎರಡು ಸಲ ಉಚ್ಚರಿಸಿದರು. ಮೊದಲ ಸಲ ಕೆಟ್ಟದಾಗಿ, ಎರಡನೇ ಸಲ ಚೆನ್ನಾಗಿ. ಆಮೇಲೆ ಕೇಳಿದರು:

"ಈಗ ನೀವು ಏನು ಮಾಡುತ್ತೀರಿ?"

ನನಗೆ ರೇಗಿತು. ನಾನು ಇಲ್ಲಿದ್ದೇನೆ, ಕಲ್ಲು ಅಲ್ಲಿ ಬಿದ್ದಿದೆ, ನಾನೇನು ಮಾಡಲಿ ಎಂದೆ. ನಿಮ್ಮ ಕಲ್ಲನ್ನು ಯಾರೂ ಮುಟ್ಟದಂತೆ ಕಾಯುವುದು ಸುಲಭ, ನಮ್ಮದನ್ನು ದಿನಾ ಮುಟ್ಟುತ್ತಾರೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದೂ ಅಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಗೆಳತಿ ಹೋದ ದಿನ ನಾವು ಇದೇ ಬೀದಿಯ ತಿರುವಿನಲ್ಲಿ ನಿಂತಿದ್ದೆವು, ಆಗಲೂ ಎಲ್ಲರೂ ನಾನೇನು ಮಾಡಲಿ ಎಂದೇ ಅಂದುಕೊಂಡೆವು ಎಂದರು. ನಿಮ್ಮೂರ ಕಲ್ಲನ್ನು ಮತ್ತೆ ನೆಡಬಹುದು, ಅಷ್ಟು ಸಣ್ಣ ಕೆಲಸ ಸಿಕ್ಕಿದವರು ಪುಣ್ಯವಂತರು ಎಂಬ ಅರ್ಥದ ಮಾತು ಹೇಳಿದರು. ಅಷ್ಟು ಸಿಟ್ಟಿನಲ್ಲಿ ಮಾತಾಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮತ್ತೆ ತಿಪಟೂರು

ಬೆಂಗಳೂರಿನಿಂದ ಬೆಳಗಿನ ಗಾಡಿಯಲ್ಲಿ ಬಂದಿಳಿದೆ. ಶಿವಲಿಂಗಪ್ಪ ಹಾರ ಹಿಡಿದು ಕಾದಿದ್ದ. ಹೊರಗೆ ಬಂದರೆ ಎಲ್ಲವೂ ನಾನು ಬರೆದಂತೆಯೇ ಇತ್ತು. ದುಂಡು ತೋಟ, ಹಸಿರು ಬಣ್ಣದ ಬೇಲಿ, ಬೆಂಚು. ಒಂದು ಗೆರೆಯೂ ಆಚೀಚೆ ಆಗಿರಲಿಲ್ಲ. ಹುಳಿಯಾರು ಬಸ್ಸು ಒಂದೇ ಏಟಿಗೆ ಸಲೀಸಾಗಿ ತಿರುಗಿ ಹೋಯಿತು. ಹೆಂಗೈತೆ ಎಂದು ಶಿವಲಿಂಗಪ್ಪ ನನ್ನ ಮುಖ ನೋಡಿದ.

ಹೊನ್ನವಳ್ಳಿ ಕಡೆಯ ಪ್ಯಾಸೆಂಜರೂ ಆಗಲೇ ಬಂದಿತ್ತು. ರಂಗಮ್ಮ ಹೊರೆ ಹೊತ್ತು ಹೊರಗೆ ಬಂದವಳು ಬಾಗಿಲ ಹತ್ತಿರವೇ ನಿಂತಳು. ಕತ್ತು ತಿರುಗಿಸಲಾರದೆ ಕಣ್ಣು ಮಾತ್ರ ಆಡಿಸಿ ಅತ್ತಿತ್ತ ನೋಡಿದಳು. ನಾನು ನಾಲ್ಕು ಮಾರು ದೂರದಲ್ಲಿದ್ದೆ. ನನ್ನನ್ನು ನೋಡಿದಳು, ಗುರುತು ಹಿಡಿದಳು, ನೋಟವನ್ನು ಆಚೆಗೆ ದಾಟಿಸಿ ದೂರದ ಜಟಕಾದವನನ್ನು ಕೂಗಿದಳು. ಅವನಿಗೆ ಕೇಳಿಸಲಿಲ್ಲ.

ಹಾರ ತೆಗೆದು ಶಿವಲಿಂಗಪ್ಪನ ಕೈಗೆ ಕೊಟ್ಟು ಅವಳ ಬಳಿ ಹೋದೆ.

"ಬ್ಯಾಡ ಬುಡಿ ಸ್ವಾಮಿ, ಬಟ್ಟೆ ಕರೆಯಾಯ್ತದೆ" ಎಂದಳು.

ನಾನು ಹೊರೆಗೆ ಕೈ ಹಾಕಿದೆ. ಅಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಇಳಿಸುವಷ್ಟರಲ್ಲಿ ನನ್ನ ತೋಳು ಅದುರಿದವು. ಬಾಳೆಯ ಸೊನೆ ಕೋಟಿಗೆ ಮೆತ್ತಿತು. ಹೊರೆ ಬೆಂಚಿನ ಮೇಲೆ ಕೂತಿತು. ಈಗ ದಾರಿಯಲ್ಲಿ ಇಳಿಸುವುದನ್ನೇ ಬಿಟ್ಟಿದ್ದೇನೆ, ಹೋಟೆಲಿನ ಬಾಗಿಲು ತೆಗೆಯುವವರೆಗೂ ಹೊತ್ತೇ ನಿಂತಿರುತ್ತೇನೆ, ಇವತ್ತು ಕತ್ತು ತಡೆಯಲಿಲ್ಲ ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು. ದೂರು ಹೇಳುವ ದನಿಯೇ ಅಲ್ಲ.

ಬೈರಮ್ಮ ಎಂಬವಳ ವಿಷಯ ಗೊತ್ತೇ ಎಂದು ಕೇಳಿದೆ.

"ಗೊತ್ತಿಲ್ದೆ ಏನ್ರೀ. ಹೊರೆ ಎತ್ಕೊಳೋವಾಗ ದಿನಾ ಅವಳ ಹೆಸರು ಹೇಳ್ತಿದ್ದೆ. ಅವತ್ತು ನೀವು ಕೇಳಿದ್ರೆ ಹೇಳ್ತಿದ್ದೆ."

ನಾನು ಕೇಳಿರಲಿಲ್ಲ. ಅ ಆ ಇ ಈ ಬಲ್ಲ ನಾನು ಓದಿರಲಿಲ್ಲ, ಓದು ಬಾರದ ಅವಳು ಹೆಸರು ಹೇಳುತ್ತಿದ್ದಳು. ತಪ್ಪಾಯಿತು ರಂಗಮ್ಮ ಎಂದೆ. ಅವಳು ಇರ್ಲಿ ಬುಡಿ ಎಂದು ಎಲೆಯ ಕಟ್ಟು ಬಿಗಿ ಮಾಡತೊಡಗಿದಳು. ಕಲ್ಲನ್ನು ಮತ್ತೆ ನಿಲ್ಲಿಸಿದರೆ ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದೆ. ಆಗ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

ಹಿಂದಿದ್ದ ಜಾಗವನ್ನು ತೋರಿಸುತ್ತಾಳೆ ಎಂದುಕೊಂಡಿದ್ದೆ. ಅಲ್ಲಿ ಬಸ್ಸು ತಿರುಗುವಾಗ ತಮಗೂ ಜೀವ ಹೋದಂತಾಗುತ್ತಿತ್ತು ಎಂದು ಹೇಳಿ, ಎಡಕ್ಕೆ ಹೊಂಗೆ ಮರದ ಕಡೆಗೆ ನಡೆದಳು. ಒಂದು ಕಡೆ ನಿಂತಳು, ಬಿಸಿಲು ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದಳು. ಬೇಲಿಯ ಒಂದು ಮೂಲೆ ಮಾತ್ರ ಕೀಳಬೇಕಿತ್ತು. ಬಸ್ಸಿಗೂ ದಾರಿ, ಅವಳಿಗೂ ನೆರಳು. ನಾಲ್ಕು ತಿಂಗಳು ಅಳೆದೂ ಈ ಜಾಗ ನನಗೆ ಕಂಡಿರಲಿಲ್ಲ.

"ಸಹಿ ಆಗಿರೋ ನಕ್ಷೆ ಕಣ್ಲಾ. ಸಾಹೇಬ್ರು ಸುಮ್ಕೆ ಬುಡ್ತಾರಾ?" ಎಂದು ಶಿವಲಿಂಗಪ್ಪ ಪಿಸುಗುಟ್ಟಿದ.

"ನಕ್ಷೆ ತಪ್ಪು ಅಂತ ನಾನೇ ಬರೀತೀನಿ. ಇವತ್ತೇ ಬಂದು ತಿದ್ದಿ ಸಹಿ ಹಾಕ್ತೀನಿ" ಎಂದೆ. ಅವನು ತಲೆ ಕೆರೆದುಕೊಂಡು, ಕಂಬಗಳು ಗೋಡೆ ಪಕ್ಕವೇ ಇವೆ, ಚಪ್ಪಡಿ ತೆಗೆಸಲು ನಾಲ್ಕು ಆಳು ಸಾಕು ಎಂದ.

ನಾನು ಒಂದು ಇಟ್ಟಿಗೆ ಚೂರು ಹುಡುಕಿ, ರಂಗಮ್ಮ ನಿಂತ ಕಡೆ ನೆಲದ ಮೇಲೆ ಗೆರೆ ಎಳೆದೆ. ಎತ್ತರ ಅಳೆಯಲು ಟೇಪು ಇರಲಿಲ್ಲ. ನಿನ್ನ ಹೆಗಲಿನ ಮಟ್ಟ ತೋರಿಸು, ಅಷ್ಟಕ್ಕೇ ನಿಲ್ಲಿಸುತ್ತೇನೆ ಎಂದೆ. ಅವಳು ಅಂಗೈಯನ್ನು ಹೆಗಲಿನ ಸಮಕ್ಕೆ ಹಿಡಿದಳು. ಒಂದು ಗಳಿಗೆ ಯೋಚಿಸಿ, ಕೈಯನ್ನು ನಾಲ್ಕು ಬೆರಳಿನಷ್ಟು ಕೆಳಗಿಳಿಸಿದಳು.

"ಇಷ್ಟಿರ್ಲಿ. ನನಗಿಂತ ಗಿಡ್ಡೋರೂ ಬತ್ತಾರೆ" ಎಂದಳು.